ಚದರಡಿ ಸಂಸಾರ

ಮನೆ ಕಟ್ಟಿಸಲು ಹೊರಟವರು ಕಾಂಟ್ರಾಕ್ಟರನ್ನು ಕಂಡ ಕೂಡಲೇ ಕೇಳುವುದು "ಚದರಡಿಗೆ ಎಷ್ಟು?" ಎಂದು. ಸೈಟು ಯಾವ ಬಡಾವಣೆಯಲ್ಲಿದೆ, ಅಲ್ಲಿನ ಮಣ್ಣು ಕಪ್ಪೋ ಕೆಂಪೋ, ಪಾಯ ಎಷ್ಟು ಆಳಕ್ಕೆ ಹೋಗಬೇಕು, ಮಹಡಿ ಒಂದೋ ಎರಡೋ, ಇದೊಂದನ್ನೂ ಇನ್ನೂ ಬಾಯಿಬಿಟ್ಟಿರುವುದಿಲ್ಲ. ಆದರೂ ನನ್ನಿಂದ ಒಂದು ಅಂಕಿ ಹೊರಡಲೇಬೇಕು. ಹೊರಡುತ್ತದೆ. ಅದು ಎಷ್ಟೇ ಇರಲಿ, ಯಜಮಾನರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ, ಯಜಮಾನಿತಿ ಅವರ ಮುಖ ನೋಡುತ್ತಾರೆ. ಆಮೇಲೆ ಇಬ್ಬರೂ ಸೇರಿ, "ಜಾಸ್ತಿ ಆಯ್ತಲ್ಲ ಸಾರ್" ಎನ್ನುತ್ತಾರೆ.

ನಾನು ಮೈಸೂರಿನಲ್ಲಿ ಸ್ವಂತವಾಗಿ ಮನೆ ಕಟ್ಟಿಸಿಕೊಡುವ ಸಿವಿಲ್ ಇಂಜಿನಿಯರು. ತಿಂಗಳ ಒಂದನೇ ತಾರೀಖು ಸಂಬಳ ಹಾಕುವ ಯಾರ ಹಂಗೂ ನನಗಿಲ್ಲ. ಹಾಕಬೇಕೆನ್ನುವ ಹಂಗು ಯಾರಿಗೂ ಇಲ್ಲ. ಊಟದ ಮೇಜೇ ಆಫೀಸು. ಬೆಳಿಗ್ಗೆ ಹತ್ತರ ತನಕ ಅದರ ಮೇಲೆ ಇಡ್ಲಿ, ಹತ್ತರ ಮೇಲೆ ಪ್ಲಾನು. ಪ್ಲಾನಿನ ಮೇಲೆ ಚಟ್ನಿ ಬಿದ್ದ ದಿನ ಪಾರ್ಟಿಯವರು ಅದನ್ನು ಹಸಿರು ಲಾನ್ ಎಂದುಕೊಂಡು ಸಂತೋಷಪಟ್ಟದ್ದೂ ಉಂಟು. ಮೇಜಿಗೂ ಅಡುಗೆಮನೆಗೂ ನಡುವೆ ನಾಲ್ಕೂವರೆ ಇಂಚಿನ ಗೋಡೆ. ಜಾಗ ಉಳಿಯಲಿ ಎಂದು ನಾನೇ ಹಾಗೆ ಕಟ್ಟಿಸಿದ್ದು. ಒಂಬತ್ತು ಇಂಚಿನದ್ದು ಕಟ್ಟಿಸಿದ್ದರೆ ನನ್ನ ವ್ಯವಹಾರವೊಂದೂ ಹೆಂಡತಿಯ ಕಿವಿಗೆ ಬೀಳುತ್ತಿರಲಿಲ್ಲ. ಇಷ್ಟು ಹೊತ್ತಿಗೆ ನೆಮ್ಮದಿಯಾಗಿ ದಿವಾಳಿ ಎದ್ದಿರುತ್ತಿದ್ದೆ.

ಪಾರ್ಟಿ ಬಂದಾಗ ಅವಳು ಒಳಗಿನಿಂದ ಮಾತಾಡುವುದಿಲ್ಲ. ಪಾತ್ರೆಗಳ ಮೂಲಕ ಸೂಚನೆ ಕೊಡುತ್ತಾಳೆ. ಸೌಟು ಒಂದು ಸಲ ತಟ್ಟಿದರೆ "ರೇಟು ಇಳಿಸಬೇಡಿ." ಎರಡು ಸಲ ತಟ್ಟಿದರೆ "ಬಾಯಿ ಮುಚ್ಚಿಕೊಂಡು ಅವರ ಮಾತು ಕೇಳಿ." ಕುಕ್ಕರಿನ ಮುಚ್ಚಳ ನೆಲಕ್ಕೆ ಬಿತ್ತೆಂದರೆ ನಾನಾಗಲೇ ಇಳಿಸಿಬಿಟ್ಟಿದ್ದೇನೆ ಎಂದು ತಿಳಿಯಬೇಕು. ನಮ್ಮ ಕುಕ್ಕರಿನ ಮುಚ್ಚಳ ಸೊಟ್ಟಗಾಗಿ ಬಹಳ ಕಾಲವಾಯಿತು.

ಈ ಕಸುಬಿನಲ್ಲಿ ಎದುರಾಗುವ ತಕರಾರುಗಳಲ್ಲಿ ಹಿರಿಯ ಸ್ಥಾನ ಬಾಮೈದನದು. "ನಮ್ಮ ಬಾಮೈದ ಮಂಡ್ಯದಲ್ಲಿ 1,650ಕ್ಕೆ ಕಟ್ಟಿಸಿದ ಸಾರ್. ನೀವು 2,200 ಅಂತೀರಿ." ಮನೆ ಕಟ್ಟಿಸುವ ಪ್ರತಿಯೊಬ್ಬರಿಗೂ ಒಬ್ಬ ಬಾಮೈದ ಇರುತ್ತಾನೆ, ಅವನು ಈಗಷ್ಟೇ ಗೃಹಪ್ರವೇಶ ಮುಗಿಸಿರುತ್ತಾನೆ. ಅವನ 1,650ರಲ್ಲಿ ಸಂಪು ಸೇರಿಲ್ಲ, ಕಾಂಪೌಂಡು ಸೇರಿಲ್ಲ, ಗೇಟು, ಕಿಟಕಿಯ ಗ್ರಿಲ್ಲು, ಮೆಟ್ಟಿಲ ಕಂಬಿ, ಮೇಲಿನ ಟ್ಯಾಂಕು ಒಂದೂ ಸೇರಿಲ್ಲ; ಅವೆಲ್ಲ "ಎಕ್ಸ್‌ಟ್ರಾ." ಅಳತೆ ಹಿಡಿಯುವಾಗ ಮಾತ್ರ ಪೋರ್ಟಿಕೊ, ಬಾಲ್ಕನಿ, ಸಜ್ಜಾ ಎಲ್ಲ ಪೂರಾ ಸೇರಿವೆ. ಕೊನೆಗೆ ಕೈಬಿಟ್ಟ ದುಡ್ಡನ್ನು ಗೋಡೆಯೊಳಗಿನ ಜಾಗಕ್ಕೆ ಭಾಗಿಸಿ ನೋಡಿದರೆ ಬಾಮೈದ ನನ್ನ ರೇಟನ್ನು ದಾಟಿ ಶ್ರೀರಂಗಪಟ್ಟಣ ಮುಟ್ಟಿರುತ್ತಾನೆ.

ಇದನ್ನು ಸಮಾಧಾನವಾಗಿ, ಒಂದೊಂದೇ ಬಾಬ್ತು ಬಿಡಿಸಿ ಹೇಳಬೇಕೆಂದು ಬಚ್ಚಲಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದೇನೆ. ಅಲ್ಲಿ ಬಹಳ ಚೆನ್ನಾಗಿ ಬರುತ್ತದೆ. ದನಿಗೆ ಗಾಂಭೀರ್ಯವೂ ಇರುತ್ತದೆ. ಮೇಜಿನ ಮುಂದೆ ಕೂತಾಗ ಮಾತ್ರ ಬಾಯಿಂದ ಬೀಳುವುದು ಇಷ್ಟು: "ನೋಡೋಣ ಬಿಡಿ ಸಾರ್, ಏನಾದ್ರೂ ಅಡ್ಜಸ್ಟ್ ಮಾಡೋಣ."

ಒಳಗೆ ಸೌಟು.

ಇನ್ನೊಂದು ತಕರಾರನ್ನು ಸರ್ಕಾರವೇ ಪಾರ್ಟಿಗಳ ಕೈಗೆ ಕೊಟ್ಟಿತು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಪೇಪರಿನ ಆ ತುಂಡನ್ನು ಕತ್ತರಿಸಿ ತಂದು ಮೇಜಿನ ಮೇಲಿಟ್ಟರು. "ಹತ್ತು ಪರ್ಸೆಂಟ್ ಇಳಿದಿದೆ ಇಂಜಿನಿಯರ್ರೇ. ನೀವೂ ಹತ್ತು ಪರ್ಸೆಂಟ್ ಇಳಿಸಬೇಕಲ್ವಾ? 2,200ಕ್ಕೆ 220."

ಲೆಕ್ಕವೆಂದರೆ ನನಗೆ ಎಲ್ಲಿಲ್ಲದ ಹುರುಪು. ಚದರಡಿಗೆ ಹೆಚ್ಚುಕಡಿಮೆ 0.4 ಚೀಲ ಸಿಮೆಂಟು ಹಿಡಿಯುತ್ತದೆ. ತೆರಿಗೆ ಬಿಟ್ಟು ಚೀಲಕ್ಕೆ 300 ರೂಪಾಯಿ ಅಂತಿಟ್ಟುಕೊಳ್ಳಿ. ಅದರ ಹತ್ತು ಪರ್ಸೆಂಟ್ 30. ಮೂವತ್ತರ 0.4 ಅಂದರೆ 12. "ಚದರಡಿಗೆ 12 ರೂಪಾಯಿ ಇಳಿಯುತ್ತೆ ಸಾರ್. ಕಬ್ಬಿಣದ ತೆರಿಗೆ ಇದ್ದಲ್ಲೇ ಇದೆ. ಗಾರೆಯವರ ಕೂಲಿಯನ್ನು ಯಾವ ಕೌನ್ಸಿಲ್ಲೂ ಇಳಿಸಿಲ್ಲ." ಅವರು ತಮ್ಮ ಕ್ಯಾಲ್ಕುಲೇಟರಿನಲ್ಲಿ ಇನ್ನೊಮ್ಮೆ ಒತ್ತಿ ನೋಡಿದರು. ಹನ್ನೆರಡೇ ಬಂತು. ನಾನು ಸಂಭ್ರಮದಿಂದ ಎಸ್ಟಿಮೇಟಿನಲ್ಲಿ 2,188 ಎಂದು ತಿದ್ದಿ ಅವರತ್ತ ತಳ್ಳಿದೆ.

"ಲೆಕ್ಕ ಸರಿಯಾಗಿದೆ," ಎಂದರು. "ಆದ್ರೂ ಜಾಸ್ತಿ ಆಯ್ತು."

ಚಪ್ಪಲಿ ಹಾಕಿಕೊಂಡು ಹೊರಟೇಹೋದರು. ನಾನು ಒಳಗೆ ಹೋಗಿ, "ನೋಡು, ಲೆಕ್ಕಾನ ಅವರೇ ಒಪ್ಪಿಕೊಂಡರು" ಎಂದೆ.

"ಕೆಲಸ ಕೊಟ್ಟರಾ?"

"ಇಲ್ಲ."

"ಅವರು ಕೇಳಿದ್ದು ಲೆಕ್ಕ ಅಲ್ಲ ಕಣ್ರೀ."

"ಮತ್ತೇನು?"

"ನೀವು ಕೇಳಿದ್ರೆ ತಾನೆ ಗೊತ್ತಾಗೋದು!"

ಈ ಮಾತನ್ನು ನಾನು ಹೆಂಗಸರ ಮಾತು ಎಂದು ಬದಿಗಿಟ್ಟೆ. ಹೆಂಗಸರ ಮಾತನ್ನು ಬದಿಗಿಡಲು ನಮ್ಮ ಮನೆಯಲ್ಲಿ ಪ್ರತ್ಯೇಕ ಜಾಗವೇ ಇದೆ; ಪ್ಲಾನಿನಲ್ಲಿ ಅದಕ್ಕೆ ಸ್ಟೋರ್ ರೂಮ್ ಎಂದು ಬರೆದಿದ್ದೇನೆ.

ಇತಿಹಾಸದಿಂದ ಏಳುವ ತಕರಾರು ಮೈಸೂರು ಸೀಮೆಯ ವಿಶೇಷ. ಪಾಂಡವಪುರದ ಕಡೆಯ ಒಬ್ಬರು ಎಸ್ಟಿಮೇಟಿನ ಸಿಮೆಂಟ್ ಬಾಬ್ತಿನ ಮೇಲೆ ಬೆರಳಿಟ್ಟು, "ಕನ್ನಂಬಾಡಿ ಕಟ್ಟೆಗೆ ಸಿಮೆಂಟೇ ಹಾಕಿಲ್ಲ ಸಾರ್. ಸುರ್ಕಿ ಗಾರೆ. ಇವತ್ತಿಗೂ ಅಲ್ಲಾಡಿಲ್ಲ. ನಮ್ಮ ಎರಡು ರೂಮಿನ ಮನೆಗೆ ಇಷ್ಟೊಂದು ಚೀಲವಾ?" ಎಂದರು. ಮಾತು ಸತ್ಯ. ಇಟ್ಟಿಗೆ ಪುಡಿ, ಸುಣ್ಣ ಬೆರೆಸಿದ ಗಾರೆಯಲ್ಲೇ ಆ ಅಣೆಕಟ್ಟು ಎದ್ದಿದೆ. 1911ರಲ್ಲಿ ಶುರುವಾದ ಕೆಲಸ ಪೂರ್ತಿಯಾಗಲು ಎರಡು ದಶಕ ಹಿಡಿಯಿತೆಂಬುದೂ ಅಷ್ಟೇ ಸತ್ಯ. ಸುಣ್ಣದ ಗಾರೆ ಗಟ್ಟಿಯಾಗಲು ಬೇಕಾದಷ್ಟು ಪುರುಸೊತ್ತು ಯಾವ ಗೃಹಪ್ರವೇಶದ ಮುಹೂರ್ತಕ್ಕೂ ಇರುವುದಿಲ್ಲ. ಇದನ್ನು ನಾನು ಹೇಳಬಹುದಿತ್ತು. ಆದರೆ ನನ್ನನ್ನು ಒಂದು ಕ್ಷಣವಾದರೂ ವಿಶ್ವೇಶ್ವರಯ್ಯನವರ ಸಾಲಿನಲ್ಲಿ ನಿಲ್ಲಿಸಿದರಲ್ಲ ಎಂಬ ಸಂತೋಷಕ್ಕೆ ಚದರಡಿಗೆ 20 ರೂಪಾಯಿ ಇಳಿಸಿದೆ. ಮುಚ್ಚಳ ಬಿತ್ತು.

ಕೆಲವರು ತಕರಾರೇ ಮಾಡುವುದಿಲ್ಲ. "ಯೋಚನೆ ಮಾಡಿ ಹೇಳ್ತೀವಿ" ಎನ್ನುತ್ತಾರೆ. ಇವರೇ ಎಲ್ಲರಿಗಿಂತ ಅಪಾಯ. ಈಗ ಆಷಾಢ, ಗುದ್ದಲಿ ಪೂಜೆ ಮಾಡುವ ಹಾಗಿಲ್ಲ, ಶ್ರಾವಣ ಬರಲಿ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬದ ಖರ್ಚು, ಅದರ ಬೆನ್ನಿಗೇ ಗೌರಿ ಗಣೇಶ. ಗಣೇಶನನ್ನು ಬಿಟ್ಟು ಬಂದರೆ ಪಿತೃಪಕ್ಷ. ದಸರಾದಲ್ಲಿ ಮೈಸೂರಿನ ಯಾವ ಮನೆಯಲ್ಲೂ ನೆಂಟರ ಹೊರತು ಇನ್ನೇನಕ್ಕೂ ಜಾಗವಿಲ್ಲ. ದೀಪಾವಳಿಗೆ ಹೊಸ ಅಳಿಯ. ಕಾರ್ತಿಕದಲ್ಲಿ ಊರವರ ಮದುವೆ, ಧನುರ್ಮಾಸದಲ್ಲಿ ಶುಭಕಾರ್ಯ ಇಲ್ಲ. ಸಂಕ್ರಾಂತಿ ಕಳೆದರೆ ಮಗಳ ಪರೀಕ್ಷೆ. ಯುಗಾದಿಯ ಹೊತ್ತಿಗೆ "ಬೋರಿನಲ್ಲಿ ನೀರಿಲ್ಲ ಸಾರ್, ಕ್ಯೂರಿಂಗ್ ಹೇಗೆ ಮಾಡ್ತೀರಾ?" ನೀರು ಬಂದಾಗ ಮತ್ತೆ ಆಷಾಢ. ಪಂಚಾಂಗದಲ್ಲಿ ಗುದ್ದಲಿ ಪೂಜೆಗೆ ಒಳ್ಳೆಯ ದಿನಗಳು ಇಲ್ಲವೆಂದಲ್ಲ; ಅವೆಲ್ಲ ನನ್ನ ಎಸ್ಟಿಮೇಟ್ ಅವರ ಕೈ ಸೇರುವ ಹಿಂದಿನ ವಾರವೇ ಮುಗಿದುಹೋಗಿರುತ್ತವೆ.

ವಾಸ್ತುವಿನ ವಿಷಯ ಹೆಚ್ಚು ಹೇಳುವುದಿಲ್ಲ. 30×40 ಸೈಟಿಗೆ ದೇವರು ಕೊಟ್ಟಿರುವುದು ನಾಲ್ಕೇ ಮೂಲೆ. ಈಶಾನ್ಯಕ್ಕೆ ಸಂಪು, ಆಗ್ನೇಯಕ್ಕೆ ಅಡುಗೆಮನೆ, ನೈಋತ್ಯಕ್ಕೆ ಯಜಮಾನರ ಕೋಣೆ. ಉಳಿದ ವಾಯವ್ಯದಲ್ಲಿ ಬಚ್ಚಲು, ಮೆಟ್ಟಿಲು, ಕಾರು, ಮಗನ ಕೋಣೆ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ವಾಸ್ತು ಹೇಳುವವರು ಪ್ಲಾನು ಪಾಸಾದ ಮೇಲೆಯೇ ಬರಬೇಕೆಂದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಇನ್ನೂ ಸಿಕ್ಕಿಲ್ಲ.

ಇವೆಲ್ಲ ನನ್ನ ರೇಟಿನ ಮೇಲಿನ, ಮುಹೂರ್ತದ ಮೇಲಿನ ತಕರಾರು, ತಡೆದುಕೊಳ್ಳಬಹುದು. ನನ್ನ ಮೇಲಿನದ್ದು ಬೇರೆ. ಬೆಂಗಳೂರಿನ ಕಂಪನಿಗೆ ಮೈಸೂರಿನ ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ದಂಪತಿ ಬಂದಿದ್ದರು. ಮಳೆ ಸುರಿಯುತ್ತಿತ್ತು. ಲ್ಯಾಪ್‌ಟಾಪ್ ತೆರೆದು, "ನಿಮ್ಮ ಟೀಮ್ ಸೈಜ್ ಎಷ್ಟು ಸಾರ್?" ಎಂದು ಕೇಳಿದರು.

"ಕಾಂಪ್ಯಾಕ್ಟ್ ಟೀಮ್," ಎಂದೆ. ಸುಳ್ಳೇನಲ್ಲ. ನಮ್ಮಲ್ಲಿ ಲೆಕ್ಕಪತ್ರ ವಿಭಾಗ ಹೆಂಡತಿ, ತ್ರೀಡಿ ವಿಭಾಗ ಮಗ. ಅವನು ಒಂದು ಚಿತ್ರಕ್ಕೆ ಒಂದು ಪಿಜ್ಜಾದಂತೆ ಗುತ್ತಿಗೆಗೆ ಮಾಡುತ್ತಾನೆ. ಸ್ವಾಗತ ವಿಭಾಗ ಅಮ್ಮ. ಸ್ವಾಗತ ವಿಭಾಗ ಆ ಹೊತ್ತಿಗೆ ಹಾಲಿನ ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿತ್ತು.

"ಟೀಮು ಎಲ್ಲಿ ಬಂತಪ್ಪ?" ಎಂದಳು ಅಮ್ಮ, ಬಹಳ ಕನಿಕರದಿಂದ. "ಇವನೊಬ್ಬನೇ ಬಿಸಿಲಲ್ಲಿ ಅಲೀತಾನೆ. ಮೇಸ್ತ್ರಿ ಫೋನೇ ಎತ್ತಲ್ವಂತೆ."

ಹೆಂಡತಿ ಸೌಟು ತಟ್ಟಿದಳು. ಅಮ್ಮನಿಗೆ ಸಂಕೇತಭಾಷೆ ಬರುವುದಿಲ್ಲ.

ಹುಡುಗಿ ಸಂಕೋಚದಿಂದ ಮುಖ ತಿರುಗಿಸಿದವಳು ಮೇಲೆ ನೋಡಿದಳು. ಅಲ್ಲಿ ನಮ್ಮ ಛಾವಣಿಯ ತೇವದ ಕಲೆ ಇದೆ. ನೋಡಲು ಕರ್ನಾಟಕದ ನಕ್ಷೆಯಂತಿದೆ. ಮಳೆ ಜೋರಾದ ವರ್ಷ ಬೆಳಗಾವಿಯ ಕಡೆಗೆ ಬೆಳೆಯುತ್ತದೆ. "ಸಾರ್, ಅದು ಸೋರ್ತಿದೆಯಾ?" ಎಂದಳು.

"ಛೆ ಛೆ. ಅದು ಕಂಡೆನ್ಸೇಷನ್," ಎಂದೆ. "ಹೊರಗಿನ ಉಷ್ಣಾಂಶಕ್ಕೂ ಒಳಗಿನ ಉಷ್ಣಾಂಶಕ್ಕೂ ವ್ಯತ್ಯಾಸ ಇದ್ದಾಗ ಗಾಳಿಯಲ್ಲಿರೋ ತೇವಾಂಶ..."

ಕೋಣೆಯಿಂದ ಮಗ ಕೂಗಿದ: "ಅಪ್ಪಾ, ಬಕೆಟ್ ತುಂಬ್ತು!"

ದಂಪತಿ ಯೋಚನೆ ಮಾಡಿ ಹೇಳುತ್ತೇವೆ ಎಂದರು. ಅವರ ಲ್ಯಾಪ್‌ಟಾಪಿನಲ್ಲಿ ಪಂಚಾಂಗ ಇದ್ದ ಹಾಗೆ ಕಾಣಲಿಲ್ಲ.

ಅಂದು ರಾತ್ರಿ ಮಗ, "ಅಪ್ಪಾ, ನೀನು ಅಬ್ಜೆಕ್ಷನ್ ಹ್ಯಾಂಡ್ಲಿಂಗ್ ಕಲಿಬೇಕು" ಎಂದು ವಿಡಿಯೋಗಳನ್ನು ತೋರಿಸಿದ. ಕೋಟು ಹಾಕಿದವರೊಬ್ಬರು ಮಾರಾಟದ ಹಳೆಯ ಸೂತ್ರವೊಂದನ್ನು ಕೈ ಬೀಸಿ ಬೀಸಿ ಹೇಳುತ್ತಿದ್ದರು: ಫೀಲ್, ಫೆಲ್ಟ್, ಫೌಂಡ್. ಎದುರಿನವನು ಬೇಡ ಎಂದರೆ ವಾದಿಸಬಾರದು. ಮೊದಲು, ನಿಮಗೆ ಹಾಗನ್ನಿಸುವುದು ಸಹಜ ಎನ್ನಬೇಕು. ಆಮೇಲೆ, ಬೇರೆಯವರಿಗೂ ಹಾಗೇ ಅನ್ನಿಸಿತ್ತು ಎನ್ನಬೇಕು. ಕೊನೆಗೆ, ಆದರೆ ಅವರಿಗೆ ಕಡೆಯಲ್ಲಿ ತಿಳಿದದ್ದೇನೆಂದರೆ ಎಂದು ನಮ್ಮ ಸರಕು ಮುಂದಿಡಬೇಕು. ಸುಲಭವಾಗಿ ಕಂಡಿತು. ಪಾರ್ಟಿಗಳ ಮೇಲೆ ಬಿಡುವ ಮೊದಲು ಮನೆಯಲ್ಲಿ ಒಮ್ಮೆ ಪರೀಕ್ಷಿಸೋಣವೆಂದುಕೊಂಡೆ.

ನಾನು ಒಂದು ಸೆಕೆಂಡ್ ಹ್ಯಾಂಡ್ ಕಾಂಕ್ರೀಟ್ ಮಿಕ್ಸರ್ ಕೊಳ್ಳಬೇಕೆಂದಿದ್ದೆ. ಹೆಂಡತಿ ಬೇಡವೆಂದಿದ್ದಳು. ಮಾರನೆಯ ದಿನ ಅವಳು ಹುರುಳಿಕಾಯಿ ಬಿಡಿಸುತ್ತಿದ್ದಾಗ ಎದುರು ಕೂತು, ದನಿ ಇಳಿಸಿ ಶುರುಮಾಡಿದೆ. "ನಿನಗೆ ಹಾಗನ್ನಿಸೋದು ಸಹಜ."

"ಏನನ್ನಿಸೋದು?"

"ಮಿಕ್ಸರ್ ಬೇಡ ಅಂತ. ಬೇರೆ ಹೆಂಡತಿಯರಿಗೂ ಮೊದಲು ಹಾಗೇ ಅನ್ನಿಸಿತ್ತು."

ಹುರುಳಿಕಾಯಿ ನಿಂತಿತು. "ಯಾವ ಬೇರೆ ಹೆಂಡತಿಯರು?"

ಮೂರನೆಯ ಹಂತಕ್ಕೆ ಹೋಗಲು ಅವಕಾಶ ಸಿಗಲಿಲ್ಲ. ಅಮ್ಮ ಮೂಲೆಯಿಂದ, "ಏನೋ ಅದು? ಏನಂದ?" ಎಂದು ಎದ್ದು ಬಂದಳು. ಆ ಸಂಜೆಯೆಲ್ಲ ನಾನು ವಿವರಣೆ ಕೊಡುತ್ತಲೇ ಇದ್ದೆ. ವಿಡಿಯೋದ ಕೋಟಿನವರಿಗೆ ಮದುವೆಯಾಗಿರಲಿಕ್ಕಿಲ್ಲ.

ಹೀಗಿರುವಾಗ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿ ನಿವೃತ್ತರಾದವರು. ಜೊತೆಯಲ್ಲಿ ಅವರ ಮನೆಯವರು. ಕೆಳಗೂ ಮೇಲೂ ಸೇರಿ 2,000 ಚದರಡಿ. 2,200ರಂತೆ 44 ಲಕ್ಷ. ಎಸ್ಟಿಮೇಟಿನ ಕೊನೆಯ ಸಾಲು ಓದಿ ಮೇಷ್ಟ್ರು ಎದ್ದು ನಿಂತರು; ಪಾಠ ಮಾಡುವಾಗಿನ ಅಭ್ಯಾಸವಿರಬೇಕು.

"ಇಂಜಿನಿಯರ್ರೇ, ನಮ್ಮ ಅರಮನೆ ಕಟ್ಟೋಕೆ ಎಷ್ಟು ಖರ್ಚಾಯ್ತು ಗೊತ್ತೇನು?"

ನನಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ಯಾರೂ ಅರಮನೆಗೆ ಕೊಟೇಷನ್ ಕೇಳಿಲ್ಲ.

"ಹಳೇ ಮರದ ಅರಮನೆ ಬೆಂಕಿಗೆ ಸಿಕ್ಕಿದ್ದು 1897ರಲ್ಲಿ. ಹೆನ್ರಿ ಇರ್ವಿನ್ ನಕ್ಷೆ. ಮುಗಿದದ್ದು 1912ರಲ್ಲಿ. ಖರ್ಚು 41,47,913 ರೂಪಾಯಿ. ದರ್ಬಾರ್ ಹಾಲು, ಕಲ್ಯಾಣ ಮಂಟಪ, ಗೋಪುರ ಎಲ್ಲ ಸೇರಿ. ನಿಮ್ಮದು ಎರಡು ಬೆಡ್‌ರೂಮಿನ ಮೇಲೆ ಇನ್ನೆರಡು ಬೆಡ್‌ರೂಮು. ಅರಮನೆಗಿಂತ 2,52,087 ರೂಪಾಯಿ ಜಾಸ್ತಿ!"

ಕಳೆಯುವ ಲೆಕ್ಕವನ್ನು ಬಾಯಲ್ಲೇ ಮಾಡಿದ್ದರು. ನಾನು ಬೆವೆತೆ. ಆ ಕಾಲದ ರೂಪಾಯಿಯ ಬೆಲೆ ಹೇಳಬಹುದಿತ್ತು. ಅರಮನೆಗೆ ಹದಿನೈದು ವರ್ಷ ಹಿಡಿಯಿತು, ನೀವು ಎಂಟು ತಿಂಗಳಲ್ಲಿ ಕೇಳುತ್ತಿದ್ದೀರಿ ಎನ್ನಬಹುದಿತ್ತು. ಮಹಾರಾಜರಿಗೆ ಇಎಂಐ ಇರಲಿಲ್ಲ ಎಂದೂ ಹೇಳಬಹುದಿತ್ತು. ಆದರೆ ನನ್ನ ಕೈ ಆಗಲೇ ಪೆನ್ನು ಹಿಡಿದು 2,200ನ್ನು ಹೊಡೆದುಹಾಕಿ 2,050 ಬರೆಯಲು ಹೊರಟಿತ್ತು.

ಸೌಟು ಎರಡು ಸಲ ತಟ್ಟಿತು. ಆಮೇಲೆ, ನಮ್ಮ ಮನೆಯ ಚರಿತ್ರೆಯಲ್ಲೇ ಮೊದಲ ಬಾರಿಗೆ, ಲೆಕ್ಕಪತ್ರ ವಿಭಾಗ ಸ್ವತಃ ಹೊರಗೆ ಬಂತು. ಕೈಯಲ್ಲಿ ಕಾಫಿಯ ತಟ್ಟೆ. ಮೇಷ್ಟ್ರ ಕಡೆ ನೋಡಲೂ ಇಲ್ಲ. ಅವರ ಮನೆಯವರ ಪಕ್ಕದಲ್ಲಿ ಕೂತು, "ತಗೊಳ್ಳಿ ಅಮ್ಮ, ಸಕ್ಕರೆ ಕಮ್ಮಿ ಹಾಕಿದೀನಿ. ಈಗಿರೋ ಬಾಡಿಗೆ ಮನೆ ಹೇಗಿದೆ?" ಎಂದಳು.

ಬಾಡಿಗೆ ಮನೆಯ ಅಡುಗೆಮನೆಗೆ ಬೆಳಕಿಲ್ಲ ಎಂಬಲ್ಲಿಂದ ಮಾತು ಹೊರಟಿತು. ಓನರಿನ ನಾಯಿಯ ಹತ್ತಿರ ನಿಂತಿತು. ಅಲ್ಲಿಂದ ನಂಜನಗೂಡಿಗೆ ಹೋಯಿತು. ನಂಜನಗೂಡಿನಲ್ಲಿ ಆ ತಾಯಿಯ ತಂಗಿ ಮನೆ ಕಟ್ಟಿಸಲು ಹೊರಟಿದ್ದರಂತೆ. ಕಾಂಟ್ರಾಕ್ಟರ್ ದೊಡ್ಡ ಮೊತ್ತ ಅಡ್ವಾನ್ಸ್ ತೆಗೆದುಕೊಂಡು ಲಿಂಟಲ್ ತನಕ ಗೋಡೆ ಎಬ್ಬಿಸಿ ಫೋನ್ ಸ್ವಿಚ್ ಆಫ್ ಮಾಡಿಕೊಂಡನಂತೆ. ಈಗ ಆ ಗೋಡೆಗಳ ಮೇಲೆ ಕುಂಬಳದ ಬಳ್ಳಿ ಹಬ್ಬಿದೆಯಂತೆ.

"ಇವರಿಗೆ ಬಂದ ರಿಟೈರ್‌ಮೆಂಟ್ ದುಡ್ಡು ಬಿಟ್ಟರೆ ನಮ್ಮ ಹತ್ರ ಇನ್ನೇನೂ ಇಲ್ಲಮ್ಮ," ಎಂದರು ಆಕೆ. "ಇವರು ರಾತ್ರಿ ನಿದ್ದೇನೇ ಮಾಡಲ್ಲ. ಎದ್ದು ಕೂತ್ಕೊಂಡು ಅರಮನೆ ಪುಸ್ತಕ ಓದ್ತಾರೆ."

ಮೇಷ್ಟ್ರು ಸುಮ್ಮನೆ ಕೂತರು. ಕೋಣೆಯಿಂದ ಅರಮನೆ ಹೊರಟುಹೋಗಿತ್ತು.

"ಹಾಗಾದ್ರೆ ಅಡ್ವಾನ್ಸ್ ಅಂತ ದೊಡ್ಡ ಗಂಟು ಕೊಡಲೇಬೇಡಿ," ಎಂದಳು ನನ್ನವಳು. ನಾನು ಕೆಮ್ಮಿದೆ. ಆ ಗಂಟಿನಲ್ಲಿ ನನ್ನ ಮಿಕ್ಸರ್ ಇತ್ತು. ಅವಳು ಮುಂದುವರಿಸಿದಳು. "ಶುರು ಮಾಡೋಕೆ ಎಷ್ಟು ಬೇಕೋ ಅಷ್ಟು ಕೊಡಿ. ಪಾಯ ಮುಗಿದ ಮೇಲೆ ಅಳತೆ ಹಿಡಿದು ಪಾಯದ ದುಡ್ಡು. ಲಿಂಟಲ್ ಆದ ಮೇಲೆ ಅದರದ್ದು. ಮೋಲ್ಡ್ ಹಾಕಿದ ಮೇಲೆ ಮೋಲ್ಡಿಂದು, ಗಾರೆ ಆದ ಮೇಲೆ ಗಾರೇದು. ಬ್ಯಾಂಕಿನವರೂ ಸಾಲಾನ ಹಂತ ನೋಡಿಕೊಂಡೇ ತಾನೆ ಬಿಡೋದು? ಯಾವ ದಿನ ಇವರು ಕೆಲಸ ನಿಲ್ಲಿಸಿದ್ರೂ ನಿಮ್ಮ ದುಡ್ಡು ಗೋಡೆಯಲ್ಲೇ ಇರುತ್ತೆ, ಇವರ ಜೇಬಲ್ಲಿ ಇರಲ್ಲ. ಕೊನೇಲಿ ನೂರಕ್ಕೆ ಐದು ರೂಪಾಯಿ ಒಂದು ಮಳೆಗಾಲ ಕಳೆಯೋವರೆಗೂ ನಿಮ್ಮ ಹತ್ರಾನೇ ಇರಲಿ. ಎಲ್ಲಾದ್ರೂ ಸೋರಿದ್ರೆ ಸರಿ ಮಾಡಿಕೊಟ್ಟು ಇಸ್ಕೋತಾರೆ."

ಸೋರಿದರೆ ಎನ್ನುವಾಗ ನಾನು ಛಾವಣಿ ನೋಡಲಿಲ್ಲ. ಬೇಸಿಗೆಯಾದ್ದರಿಂದ ಬೆಳಗಾವಿ ಅಷ್ಟಾಗಿ ಕಾಣುತ್ತಿರಲಿಲ್ಲ.

ಮೇಷ್ಟ್ರು ಎಸ್ಟಿಮೇಟನ್ನು ಮತ್ತೆ ಕೈಗೆತ್ತಿಕೊಂಡು ಕೊನೆಯ ಪುಟಕ್ಕೆ ಸಹಿ ಹಾಕಿದರು. 2,200ಕ್ಕೆ. ಒಂದು ಪೈಸೆ ಇಳಿಯಲಿಲ್ಲ. ಹೊರಡುವಾಗ ಬಾಗಿಲ ಬಳಿ ನಿಂತು, "ಹೆಬ್ಬಾಗಿಲು ಮಾತ್ರ ಸ್ವಲ್ಪ ಅರಮನೆ ಥರ ಇರಲಿ" ಎಂದರು.

ಅವರು ಹೋದ ಮೇಲೆ, "ನಿನಗೆ ಇದೆಲ್ಲ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ. ಒಪ್ಪಿಕೊಳ್ಳಲು ನನಗೇನೂ ಕಷ್ಟವಿಲ್ಲ. ಮನೆಯಲ್ಲಿ ಬೇರೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

"ಜಾಸ್ತಿ ಆಯ್ತು ಅನ್ನೋರಿಗೆ ರೇಟಿನ ವಿಷಯ ಹೇಳಿ ಪ್ರಯೋಜನ ಇಲ್ಲ ಕಣ್ರೀ. ಅವರಿಗೆ ಸಿಮೆಂಟು, ಕಬ್ಬಿಣ ಗೊತ್ತಿಲ್ಲ. ಗೊತ್ತಿರೋದು ರೇಟು ಒಂದೇ, ಅದನ್ನೇ ಹಿಡ್ಕೋತಾರೆ. ಯಾವುದಕ್ಕೆ ಹೆದರ್ತಿದಾರೆ ಅಂತ ಕೇಳಬೇಕು. ನೀವು ನನ್ನನ್ನ ನೋಡೋಕೆ ಬಂದಾಗ ನಮ್ಮಪ್ಪ ಏನಂದಿದ್ರು ಗೊತ್ತಾ? ಹುಡುಗ ಸ್ವಲ್ಪ ಕುಳ್ಳ ಅಂತ."

"ಕುಳ್ಳ?"

"ಅವರಿಗೆ ನಿಮ್ಮ ಎತ್ತರ ಕಟ್ಕೊಂಡು ಏನಾಗಬೇಕಿತ್ತು? ಹುಡುಗ ಒಂದು ಕೆಲಸದಲ್ಲಿ ನೆಟ್ಟಗೆ ನಿಲ್ತಾನಾ ಅನ್ನೋ ಭಯ. ಅದನ್ನ ಬಾಯಿಬಿಟ್ಟು ಹೇಳೋಕಾಗಲ್ಲ, ಕುಳ್ಳ ಅಂದ್ರು."

"ಆಮೇಲೆ?"

"ಆಮೇಲೇನು? ನೀವು ಕೆಲಸ ಬಿಟ್ಟು ಸ್ವಂತ ಅಂತ ಶುರು ಮಾಡಿದ್ರಲ್ಲ."

ಈ ಜ್ಞಾನವನ್ನು ನಾನು ನನ್ನದೇ ಎಂಬಂತೆ ಬಳಸಲು ಶುರುಮಾಡಿದೆ. ಪಾರ್ಟಿ "ಜಾಸ್ತಿ ಆಯ್ತು" ಎಂದ ಕೂಡಲೇ ಪೆನ್ನು ಕೆಳಗಿಟ್ಟು, ಸ್ವಲ್ಪ ಮುಂದೆ ಬಾಗಿ, "ನಿಮಗೆ ಯಾವ ವಿಷಯಕ್ಕೆ ಭಯ?" ಎಂದು ಕೇಳುತ್ತೇನೆ. ಕೆಲವರು ಹೇಳುತ್ತಾರೆ. ಒಬ್ಬರು ಮೇಸ್ತ್ರಿ ಅರ್ಧಕ್ಕೇ ಓಡಿಹೋಗುತ್ತಾನೆಂದು ಹೆದರಿದ್ದರು, ಇನ್ನೊಬ್ಬರು ಎಕ್ಸ್‌ಟ್ರಾಗಳಿಗೆ. ಅವರಿಗೆ ಏನು ಸೇರಿದೆ, ಏನು ಸೇರಿಲ್ಲ ಎಂಬ ಪಟ್ಟಿ ಬರೆದುಕೊಟ್ಟ ಮೇಲೆ ಬಾಮೈದನ ಸುದ್ದಿಯೇ ಬರಲಿಲ್ಲ. ಒಬ್ಬರು ಮಾತ್ರ ನನ್ನ ಮುಖವನ್ನೇ ನೋಡಿ, "ನೀವು ಹೀಗೆ ಕೇಳೋದೇ ಭಯ ಆಗುತ್ತೆ ಸಾರ್" ಎಂದರು. ಕಲೆ ಬರುತ್ತಾ ಬರುತ್ತಾ ಬರುತ್ತದೆ.

ಮೇ ತಿಂಗಳ ಒಂದು ದಿನ ಸೈಟಿನಿಂದ ಊಟಕ್ಕೆ ಬಂದರೆ ನನ್ನ ಕುರ್ಚಿಯಲ್ಲಿ ಒಬ್ಬ ಹುಡುಗ ಕೂತಿದ್ದ. ಎದುರಿಗೆ ಹೆಂಡತಿ, ನಡುವೆ ಕಾಫಿ, ಮೇಜಿನ ಮೇಲೆ ಒಂದು ಕೊಟೇಷನ್.

"ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡ್ತಾರಂತೆ," ಎಂದಳು.

"ನಾನೇ ಮಾಡಿಸ್ತೀನಿ ಅಂದಿದ್ನಲ್ಲ!"

"ಅಂದಿದ್ರಿ."

ಅಮ್ಮ ಮೂಲೆಯಿಂದ, "ಮೂರು ಬಕೆಟ್ ಹಿಂದೆ ಅಂದಿದ್ದ" ಎಂದಳು. ನಮ್ಮ ಮನೆಯಲ್ಲಿ ಮಳೆಗಾಲಗಳನ್ನು ಹಾಗೆ ಎಣಿಸುವುದು ರೂಢಿ.

ಕೊಟೇಷನ್ ತೆಗೆದು ನೋಡಿದೆ. ಬಿರುಕು ಬಿಡಿಸಿ ತುಂಬುವುದು, ಪ್ಯಾರಾಪೆಟ್ ಸೇರುವ ಮೂಲೆಗಳನ್ನು ಗುಂಡಗೆ ಮಾಡುವುದು, ಎರಡು ಕೋಟಿಂಗು, ನೀರು ಹರಿಯುವ ಇಳಿಜಾರು ಸರಿಪಡಿಸುವುದು. ನಾನಾಗಿದ್ದರೂ ಹಾಗೇ ಬರೆಯುತ್ತಿದ್ದೆ. ಆದ್ದರಿಂದಲೇ ಸಿಟ್ಟು ಬಂತು.

"ಸ್ವಲ್ಪ ದುಬಾರಿ ಅನ್ನಿಸುತ್ತೆ," ಎಂದೆ. ನನ್ನ ಬಾಯಿಂದ ಬಂದ ದನಿ ಬ್ಯಾಂಕಿನವರದ್ದಾಗಿತ್ತು. "ನೀವೊಬ್ಬರೇನಾ? ಆಫೀಸ್ ಎಲ್ಲಿದೆ?"

"ಮನೆಯಿಂದಲೇ ಮಾಡ್ತೀನಿ ಸಾರ್. ಊಟದ ಮೇಜು."

"ನಮ್ಮ ಕಡೆಯವರೊಬ್ಬರು ಇದಕ್ಕಿಂತ ಕಡಿಮೆಗೆ ಮಾಡಿಸಿದಾರೆ." ನನಗೆ ಬಾಮೈದನಿಲ್ಲ, ಆ ಕ್ಷಣಕ್ಕೆ ಒಬ್ಬ ಹುಟ್ಟಿಕೊಂಡ. "ಮಳೆಗಾಲ ಕಳೀಲಿ, ಯೋಚನೆ ಮಾಡಿ ಹೇಳ್ತೀವಿ."

"ಸಾರ್, ಸೋರೋದು ಮಳೆಗಾಲದಲ್ಲೇ ಅಲ್ವಾ?"

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹುಡುಗ ಪೆನ್ನು ಕೆಳಗಿಟ್ಟ. ಸ್ವಲ್ಪ ಮುಂದೆ ಬಾಗಿದ. ಬಹಳ ನಯವಾಗಿ, "ಸಾರ್, ನಿಮಗೆ ಯಾವ ವಿಷಯಕ್ಕೆ ಭಯ?" ಎಂದು ಕೇಳಿದ.

ನನಗೆ ಬಾಯಿ ಬರಲಿಲ್ಲ. ಉತ್ತರವನ್ನು ಅವಳೇ ಕೊಟ್ಟಳು. "ಅವರ ಭಯ ನನಗೆ ಗೊತ್ತಪ್ಪ. ನೀನು ಮಾಡಿದ ಮೇಲೆ ಸೋರದೇ ಹೋದ್ರೆ ಅಂತ."

ಕೆಲಸ ನಡೆಯಿತು. ಹಂತ ಹಂತವಾಗಿ ದುಡ್ಡು, ಕೊನೆಯ ಕಂತು ನೀರು ನಿಲ್ಲಿಸಿ ನೋಡಿದ ಮೇಲೆ ಎಂದು ಅವಳೇ ಗೊತ್ತುಮಾಡಿದ್ದಳು. ಮೂಲೆಗಳಿಗೆ ಅಡ್ಡ ಕಟ್ಟಿ, ಹೊರಹೋಗುವ ಪೈಪು ಮುಚ್ಚಿ, ಟೆರೇಸಿನ ತುಂಬ ನೀರು ನಿಲ್ಲಿಸಿ ಎರಡು ದಿನ ಬಿಟ್ಟರು. ನಾನು ಆ ಎರಡು ದಿನವೂ ಕತ್ತೆತ್ತಿಕೊಂಡೇ ಓಡಾಡಿದೆ. ಒಂದು ಹನಿ, ವೃತ್ತಿಯ ಮರ್ಯಾದೆಗಾಗಿ ಒಂದೇ ಒಂದು ಹನಿ ಬೀಳಬಹುದೆಂದು ಆಸೆಯಿತ್ತು. ಬೀಳಲಿಲ್ಲ. ಬೆಳಗಾವಿಯಿಂದ ಚಾಮರಾಜನಗರದವರೆಗೂ ಒಣಗಿತ್ತು.

ಕೊನೆಯ ಕಂತು ಎಣಿಸಿಕೊಂಡು ಹುಡುಗ ಹೊರಟಾಗ ಅಮ್ಮ ಅವನನ್ನು ತಡೆದಳು. "ನೋಡಪ್ಪ, ಯಾರಾದ್ರೂ ಮನೆ ಕಟ್ಟಿಸೋರು ಸಿಕ್ಕಿದ್ರೆ ನಮ್ಮ ಹುಡುಗನಿಗೂ ಒಂದು ಮಾತು ಹೇಳು."

"ಅಯ್ಯೋ, ಇದಾರಲ್ಲ ಅಮ್ಮ," ಎಂದು ಅವನು ನನ್ನತ್ತ ತಿರುಗಿದ. "ನಮ್ಮ ಮಾವ ಶ್ರಾವಣದಲ್ಲಿ ಒಂದು 30×40 ಶುರು ಮಾಡ್ತಿದಾರೆ ಸಾರ್. ನಿಮ್ಮ ಹೆಸರು ಅವರಿಗೆ ಯಾರೋ ಹೇಳಿದ್ರಂತೆ. ಆದರೆ ಕಾಂಟ್ರಾಕ್ಟರ್ ಸ್ವಂತ ಮನೆ ಸೋರುತ್ತೆ ಅಂತ ಕೇಳಿ ಹಿಂದೇಟು ಹಾಕ್ತಿದ್ರು. ಇನ್ನು ಆ ತಕರಾರು ಇಲ್ಲ ಬಿಡಿ. ಸೋರಲ್ಲ ಅಂತ ನಾನೇ ಗ್ಯಾರಂಟಿ ಕೊಡ್ತೀನಿ."